ಕೀಲಿಮಣೆಯೋ, ಬೆರಳೋ, ಬಾಯಿಮಾತೋ?

ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಒಂಬತ್ತು ಹೆಂಗಸರು ನಮ್ಮೂರ ಅರಿವು ಕೇಂದ್ರದಲ್ಲಿ (ಪಂಚಾಯಿತಿ ಗ್ರಂಥಾಲಯದಲ್ಲಿ) ಅಕ್ಷರ ಕಲಿಯಲು ಕೂರುತ್ತಾರೆ. ಸ್ವಯಂಸೇವಕನಾಗಿ ಕಲಿಸುವವನು ನಾನು. ನಮ್ಮ ಬಳಿ ಇರುವುದು ಒಂದು ಹಳೆಯ ಕಂಪ್ಯೂಟರ್ ಮತ್ತು ಅವರ ಮಕ್ಕಳ ಮೊಬೈಲುಗಳು. ಒಂದು ಮಳೆಗಾಲವಿಡೀ ಮೂರು ದಾರಿ ಹಿಡಿದು ನೋಡಿದೆ: ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದು, ಮೊಬೈಲ್ ಪರದೆಯ ಮೇಲೆ ಬೆರಳಿನಿಂದ ಬರೆಯುವುದು, ಮಾತಾಡಿ ಬರೆಸುವುದು.

2000ದಲ್ಲಿ ಅಂದಿನ ಆಂಧ್ರದ ಮೇದಕ್ ಜಿಲ್ಲೆಯಲ್ಲಿ ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ಆರಂಭಿಸಿದ ಕಂಪ್ಯೂಟರ್ ಸಾಕ್ಷರತಾ ಪಾಠಗಳು ಅಕ್ಷರಮಾಲೆಯನ್ನು ಬದಿಗಿಟ್ಟು ಇಡೀ ಪದಗಳಿಂದಲೇ ಓದು ಕಲಿಸುತ್ತಿದ್ದವು. ಆ ಕ್ರಮವನ್ನು ಎರವಲು ಪಡೆದು ನಾನೂ ಹಾಲು, ಮನೆ, ಅಕ್ಕ ಎಂದೇ ಶುರು ಮಾಡಿದೆ.

ಮೊದಲ ವಾರ ಗೆದ್ದದ್ದು ಬೆರಳು. ಕುಡುಗೋಲಿಗೆ ಪಳಗಿದ ಕೈ ಪೆನ್ನನ್ನು ಬಿಗಿಯಾಗಿ ಹಿಡಿದು ಹಾಳೆ ಹರಿಯುತ್ತದೆ. ಗಾಜಿಗೆ ಆ ಭಯವಿಲ್ಲ. ಬಾಲ ಎಳೆಯದಿದ್ದರೆ ಮ ಆಗದು, ವ ಆಗಿಯೇ ಉಳಿಯುತ್ತದೆ ಎಂದು ಹತ್ತು ಸಲ ಹೇಳಿದ್ದೆ. ಬರೆದ ಮರುಕ್ಷಣ ಪರದೆಯ ಮೇಲೆ ವ ಮೂಡಿದಾಗಲೇ ಅದು ಅವರಿಗೆ ನಾಟಿದ್ದು. ಆದರೆ ಇಲ್ಲೊಂದು ಮೋಸವಿದೆ. ಒಬ್ಬ ಅಜ್ಜಿ ‘ವನೆ’ ಎಂದು ಗೀಚಿದರೆ ಮೇಲಿನ ಸಾಲಿನಲ್ಲಿ ‘ಮನೆ’ ಎಂಬ ಸಲಹೆ ಬರುತ್ತಿತ್ತು, ಅದನ್ನು ಮುಟ್ಟಿಬಿಡುತ್ತಿದ್ದರು. ಎರಡು ವಾರ ಅವರು ಕಲಿತರೆಂದೇ ನಂಬಿದ್ದೆ. ಸ್ಲೇಟು ಕೊಟ್ಟೆ, ಮತ್ತೆ ‘ವನೆ’! ಅಂದಿನಿಂದ ಸಲಹೆಯ ಸಾಲು ಕಾಣದಂತೆ ಪರದೆಗೆ ಕಾಗದದ ಪಟ್ಟಿ ಅಂಟಿಸುತ್ತೇನೆ.

ಕಂಪ್ಯೂಟರಿನ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ. ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳು. ನಾನು ಅಂಟಿಸಿದ ಕನ್ನಡದ ಚೀಟಿಗಳು ಬೆವರಿಗೆ ಉದುರಿದವು. ಒಂಬತ್ತು ಜನಕ್ಕೆ ಒಂದೇ ಯಂತ್ರ, ಸರದಿ ಬರುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಆದರೂ ಒತ್ತಕ್ಷರದ ಪಾಠಕ್ಕೆ ಇದರ ಮುಂದೆ ಬೇರೆ ಯಾವುದೂ ನಿಲ್ಲಲಿಲ್ಲ. ನುಡಿ ಬಳಸುವ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ‘ಅಕ್ಕ’ ಬರೆಯಲು ಅ ಒತ್ತಬೇಕು, ಕ ಒತ್ತಬೇಕು, ಒತ್ತು ಕೂಡಿಸುವ ಕೀಲಿ ಒತ್ತಬೇಕು, ಮತ್ತೆ ಕ. ಕಾಗುಣಿತವೂ ಹೀಗೆಯೇ, ಕ ಆದ ಮೇಲೆ ಇ ಒತ್ತಿದರೆ ಕಿ. “ಇದು ಹೂ ಕಟ್ಟಿದ ಹಾಗೆ ಅಲ್ಲವೇ ಮೇಷ್ಟ್ರೇ, ಎರಡು ಹೂವಿನ ನಡುವೆ ಒಂದು ಗಂಟು” ಎಂದರು ಹೂ ಮಾರುವಾಕೆ. ಈಗ ನಾನೂ ಹಾಗೆಯೇ ಹೇಳಿಕೊಡುತ್ತೇನೆ.

ಮಾತಾಡಿ ಬರೆಸುವುದು ಎಲ್ಲರಿಗೂ ಇಷ್ಟ. ತೊಂದರೆಯೂ ಅದೇ: ಓದು ಬಾರದೆಯೂ ಕೆಲಸ ನಡೆದುಬಿಡುತ್ತದೆ. ಇದನ್ನು ಕೈಬಿಡುವವನಿದ್ದೆ. ಆದರೆ ನಮ್ಮ ಕಡೆ ಹಕಾರ ನಾಲಿಗೆಯಿಂದ ಜಾರುವುದು ರೂಢಿ, ಹಾಗಾಗಿ ಒಂದು ದಿನ ‘ಹಾಲು’ ಎಂದದ್ದು ‘ಆಲೂ’ ಆಗಿ ಮೂಡಿತು. “ಡೇರಿಯಲ್ಲಿ ಆಲೂಗಡ್ಡೆ ಕೇಳಿದರೆ ಏನು ಕೊಡಲಿ?” ಎಂದು ನಕ್ಕವರು ಅದೇ ‘ವನೆ’ ಅಜ್ಜಿ. ಯಾರೂ ಹೇಳಿಕೊಟ್ಟಿರಲಿಲ್ಲ, ತಾವೇ ಓದಿದ್ದರು.

ಈಗ ಹೊಸಬರಿಗೆ ಬೆರಳು, ಒತ್ತಕ್ಷರಕ್ಕೆ ಬಂದವರಿಗೆ ಕಂಪ್ಯೂಟರ್. ಬಾಯಿಮಾತು ಶನಿವಾರ ಮಾತ್ರ. ಯಂತ್ರ ಬರೆದದ್ದನ್ನು ಗಟ್ಟಿಯಾಗಿ ಓದಿ, ತಪ್ಪಿದ್ದರೆ ಸ್ಲೇಟಿನ ಮೇಲೆ ತಿದ್ದಿ ಬರೆದ ಮೇಲೆಯೇ ಮೊಬೈಲ್ ಮುಂದಿನವರ ಕೈಗೆ ಹೋಗುತ್ತದೆ.