ಕನ್ನಡ ಪುಸ್ತಕಗಳ ಕ್ಯಾಟಲಾಗಿಗೆ ಕೋಹಾ: ಹಲವು ವರ್ಷ ಬಳಸಿದ ಮೇಲೆ

ನಮ್ಮ ಕಾಲೇಜು ಲೈಬ್ರರಿಯಲ್ಲಿ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಹಾಕಿಕೊಂಡು ಹಲವು ವರ್ಷಗಳಾದವು. ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು, ದಂಡದ ಲೆಕ್ಕ, ಇದನ್ನೆಲ್ಲ ಯಾವ ಲೈಬ್ರರಿ ಸಾಫ್ಟ್‌ವೇರ್ ಆದರೂ ಮಾಡುತ್ತದೆ. ನಾನು ಇಲ್ಲಿ ಹೇಳಬೇಕೆಂದಿರುವುದು ಕ್ಯಾಟಲಾಗಿಂಗ್, ಅಂದರೆ ಪ್ರತಿ ಪುಸ್ತಕದ ವಿವರ ದಾಖಲಿಸುವ ಕೆಲಸದ ಬಗ್ಗೆ. ನಮ್ಮ ಕೆಲಸದ ನಿಯಮಗಳೇ ಬದಲಾದವು. ಆಗ ಇದು ಹೇಗೆ ನೆರವಾಯಿತು, ಎಲ್ಲಿ ಸಾಲದಾಯಿತು ಅನ್ನೋದೇ ಮುಖ್ಯ.

ಓದುವಾಗ ನಾವು ಕಲಿತಿದ್ದು ಎಎಸಿಆರ್2 ಅನ್ನೋ ಕ್ಯಾಟಲಾಗಿಂಗ್ ನಿಯಮಾವಳಿ. ಅದರ ಜಾಗಕ್ಕೆ 2010ರಲ್ಲಿ ಆರ್‌ಡಿಎ ಬಂತು. 2013ರ ಮಾರ್ಚ್ 31ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಪಾಲಿಸತೊಡಗಿತು. ಝಡ್39.50 (ಬೇರೆ ಲೈಬ್ರರಿಯ ಕ್ಯಾಟಲಾಗಿನಲ್ಲಿ ಹುಡುಕಿ ರೆಕಾರ್ಡ್ ತರುವ ವ್ಯವಸ್ಥೆ) ಮೂಲಕ ಅಲ್ಲಿಂದ ರೆಕಾರ್ಡ್ ಇಳಿಸಿಕೊಳ್ಳುವ ನಾವು ಬೇಕೋ ಬೇಡವೋ ಹೊಸ ನಿಯಮದೊಳಗೆ ಬಂದೆವು. ರೆಕಾರ್ಡುಗಳಿಗೆ ಬಳಸುವ ಮಾರ್ಕ್ 21 ಅನ್ನೋ ರೂಪದಲ್ಲಿ ಪ್ರತಿ ಬಗೆಯ ವಿವರಕ್ಕೂ ಒಂದು ಸಂಖ್ಯೆಯ ಫೀಲ್ಡ್ ಇರುತ್ತದೆ. ಅದರಲ್ಲಿ ಪ್ರಕಾಶಕರ ವಿವರ 260ರಿಂದ 264ಕ್ಕೆ ಹೋಯಿತು. ಪಠ್ಯವೋ ಚಿತ್ರವೋ, ಯಾವ ಮಾಧ್ಯಮ, ಯಾವ ರೂಪ ಅಂತ ಹೇಳುವ 336, 337, 338 ಹೊಸದಾಗಿ ಸೇರಿದವು. ಕೋಹಾದಲ್ಲಿ ಮಾರ್ಕ್ ಫ್ರೇಮ್‌ವರ್ಕ್ (ಫೀಲ್ಡುಗಳ ನಮೂನೆ) ತೆರೆದು ಯಾವ ಫೀಲ್ಡ್ ಕಾಣಬೇಕು, ಯಾವುದು ಕಡ್ಡಾಯ, ಯಾವುದು ತಾನಾಗೇ ತುಂಬಬೇಕು ಅಂತ ನಾವೇ ಇಡಬಹುದು. ಮಾಮೂಲಿ ಪುಸ್ತಕಕ್ಕೆ ಆ ಮೂರು ಫೀಲ್ಡ್ ತಾವಾಗೇ ತುಂಬುತ್ತವೆ. 260 ಇರುವ ಹಳೆಯ ರೆಕಾರ್ಡುಗಳನ್ನು ಹಾಗೇ ಬಿಟ್ಟಿದ್ದೇನೆ. ಓದುಗರು ಹುಡುಕುವ ಆನ್‌ಲೈನ್ ಕ್ಯಾಟಲಾಗ್ ಓಪ್ಯಾಕ್‌ನಲ್ಲಿ ಎರಡೂ ಸರಿಯಾಗಿ ಕಾಣುತ್ತವೆ.

ಓದುಗರಿಗೆ ನಿಜವಾಗಿ ಲಾಭವಾದ ಬದಲಾವಣೆ ಬೇರೆ ಇದೆ. ಮೊದಲು ಮೂವರಿಗಿಂತ ಜಾಸ್ತಿ ಸಂಪಾದಕರಿದ್ದರೆ ಮೊದಲಿನವರ ಹೆಸರು ಬರೆದು ‘ಮತ್ತಿತರರು’ ಅಂತ ಮುಗಿಸುತ್ತಿದ್ದೆವು. ಕನ್ನಡದ ಅಭಿನಂದನ ಗ್ರಂಥಗಳಲ್ಲಿ ನಾಲ್ಕೈದು ಸಂಪಾದಕರು ಸಾಮಾನ್ಯ ಅಲ್ವಾ? ಆರ್‌ಡಿಎ ಪ್ರಕಾರ ಈಗ ಎಲ್ಲರ ಹೆಸರೂ ಹಾಕಬಹುದು. ಪ್ರತಿ ಹೆಸರಿಗೂ ಒಂದೊಂದು 700 (ಹೆಚ್ಚುವರಿ ಹೆಸರಿನ ಫೀಲ್ಡ್) ಹಾಕಿದರೆ ಐದನೆಯವರ ಹೆಸರಲ್ಲಿ ಹುಡುಕಿದರೂ ಪುಸ್ತಕ ಸಿಗುತ್ತದೆ. ಟೈಪಿಂಗ್ ಜಾಸ್ತಿ, ಆದರೂ ಮಾಡಲೇಬೇಕಾದ ಕೆಲಸ.

ಕೋಹಾದಲ್ಲಿ ನನಗೆ ಅತಿ ಇಷ್ಟವಾದದ್ದು ಅಥಾರಿಟಿ ವಿಭಾಗ, ಅಂದರೆ ಒಬ್ಬ ಲೇಖಕರ ಬೇರೆ ಬೇರೆ ಹೆಸರುಗಳನ್ನು ಒಂದೇ ಕಡೆ ಸೇರಿಸಿಡುವ ಜಾಗ. ಒಂದು ಪುಸ್ತಕದ ಮೇಲೆ ಕುವೆಂಪು, ಇನ್ನೊಂದರ ಮೇಲೆ ಕೆ.ವಿ. ಪುಟ್ಟಪ್ಪ. ಒಂದು ಕಡೆ ದ.ರಾ. ಬೇಂದ್ರೆ, ಮತ್ತೊಂದು ಕಡೆ ಅಂಬಿಕಾತನಯದತ್ತ. ಅಥಾರಿಟಿ ರೆಕಾರ್ಡಿನ 100ರಲ್ಲಿ ಮುಖ್ಯ ಹೆಸರಾಗಿ ‘ಕುವೆಂಪು, 1904-1994’ ಇಟ್ಟು, 400ರಲ್ಲಿ ಇನ್ನೊಂದು ಹೆಸರಾಗಿ ‘ಪುಟ್ಟಪ್ಪ, ಕೆ.ವಿ.’ ಹಾಕುತ್ತೇನೆ. ಪುಸ್ತಕದ ರೆಕಾರ್ಡುಗಳನ್ನು ಅದಕ್ಕೆ ಜೋಡಿಸಿದರೆ ಆಯಿತು. ಮುಂದೆ ಹೆಸರಿನಲ್ಲಿ ಏನೇ ತಿದ್ದಿದರೂ ಅಥಾರಿಟಿಯಲ್ಲಿ ಒಮ್ಮೆ ತಿದ್ದಿದರೆ ಜೋಡಿಸಿದ ಕಡೆಯೆಲ್ಲ ಬದಲಾಗುತ್ತದೆ. ಹಳೆಯ ಕಾರ್ಡ್ ಕ್ಯಾಟಲಾಗಿನಲ್ಲಿ ಇದಕ್ಕೆ ಡ್ರಾಯರ್ ಡ್ರಾಯರ್ ಹುಡುಕಬೇಕಿತ್ತು.

ತೊಡಕು ಇರುವುದು ಲಿಪಿಯಲ್ಲಿ. ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದ ಬರುವ ಕನ್ನಡ ಪುಸ್ತಕಗಳ ರೆಕಾರ್ಡು ಹೆಚ್ಚಾಗಿ ರೋಮನ್ ಲಿಪಿಯಲ್ಲಿರುತ್ತದೆ. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ. ನಮ್ಮ ವಿದ್ಯಾರ್ಥಿಗಳು ಹಾಗೆ ಹುಡುಕುವುದಿಲ್ಲ. ಇನ್ನೊಂದು ಲಿಪಿಗೆ ಮಾರ್ಕ್ 21ರಲ್ಲಿ 880 ಇದೆ. ಆದರೆ ಎರಡು ಫೀಲ್ಡುಗಳಿಗೂ ಸಬ್‌ಫೀಲ್ಡ್ 6ರಲ್ಲಿ ಜೋಡಿ ಸಂಖ್ಯೆ ಹಾಕಬೇಕು. ಒಬ್ಬರೇ ಲೈಬ್ರೇರಿಯನ್ ಇರುವ ಕಡೆ ಇದು ನಡೆಯುವ ಮಾತಲ್ಲ. ಹಾಗಾಗಿ ನಾನು 245ರಲ್ಲಿ ಕನ್ನಡದಲ್ಲೇ ಶೀರ್ಷಿಕೆ ಕೊಟ್ಟು, ಎಲ್ಲರೂ ಟೈಪ್ ಮಾಡುವಂಥ ಸರಳ ರೋಮನ್ ರೂಪವನ್ನು ಪರ್ಯಾಯ ಶೀರ್ಷಿಕೆಯ 246ರಲ್ಲಿ ಇಡುತ್ತೇನೆ. ಹೊಸದಾಗಿ ಹಾಕಿಸುವವರಿಗೆ ಒಂದು ಮಾತು: ಹುಡುಕಾಟಕ್ಕೆ ಝೀಬ್ರಾ ಅನ್ನೋ ಇಂಡೆಕ್ಸ್ ಬಳಸುವುದಾದರೆ ಐಸಿಯು (ಬೇರೆ ಬೇರೆ ಲಿಪಿಗಳನ್ನು ನಿಭಾಯಿಸುವ ಸಾಫ್ಟ್‌ವೇರ್ ಭಾಗ) ಬೇಕು ಅಂತ ಹಾಕಿಕೊಡುವವರಿಗೆ ಮೊದಲೇ ಹೇಳಿ. ಅದಿಲ್ಲದೆ ಕನ್ನಡ ಹುಡುಕಾಟ ಸರಿಯಾಗಿ ನಡೆಯುವುದಿಲ್ಲ.

ಇನ್ನೊಂದು ಬೇಸರ ಕೋಹಾದ್ದಲ್ಲ. ಸಾಫ್ಟ್‌ವೇರ್ ಉಚಿತ, ಮಾರ್ಕ್ 21ರ ವಿವರಣೆಯೂ ಉಚಿತ. ಆರ್‌ಡಿಎ ಟೂಲ್‌ಕಿಟ್‌ಗೆ ಮಾತ್ರ ಚಂದಾ ಕಟ್ಟಬೇಕು. ಸಣ್ಣ ಕಾಲೇಜಿನ ಬಜೆಟ್ಟಿನಲ್ಲಿ ಪುಸ್ತಕಕ್ಕೇ ದುಡ್ಡು ಸಾಲದು, ನಿಯಮ ಓದೋಕೆ ಎಲ್ಲಿಂದ ತರೋದು? ಇದು ನ್ಯಾಯವಲ್ಲ. ಬಂದ ರೆಕಾರ್ಡುಗಳನ್ನು ನೋಡಿ ನೋಡಿಯೇ ಎಷ್ಟೋ ಜನ ಆರ್‌ಡಿಎ ಕಲಿಯಬೇಕಾಗಿದೆ.

ಕನ್ನಡ ಪುಸ್ತಕ ಜಾಸ್ತಿ ಇರುವ ಲೈಬ್ರರಿಗಳಿಗೆ ಕೋಹಾ ಧೈರ್ಯವಾಗಿ ಹೇಳುತ್ತೇನೆ. ಕನ್ನಡ ಲೇಖಕರ ಅಥಾರಿಟಿ ರೆಕಾರ್ಡ್ ಮಾಡಿಟ್ಟವರು ದಯವಿಟ್ಟು ಹಂಚಿಕೊಳ್ಳಿ. ಕೋಹಾದಲ್ಲಿ ಡೇಟಾ ಎಕ್ಸ್‌ಪೋರ್ಟ್ ಮಾಡುವ ಪುಟಕ್ಕೆ ಹೋದರೆ ಅಥಾರಿಟಿಗೆ ಬೇರೆ ಟ್ಯಾಬ್ ಇದೆ. ಫೈಲ್ ಮಾರ್ಕ್ ರೂಪದಲ್ಲಿದ್ದರೆ ಉಳಿದವರು ನೇರ ಒಳಗೆ ತಗೊಳ್ಳಬಹುದು.