ದವಡೆಯ ಶಸ್ತ್ರಚಿಕಿತ್ಸೆಯಾದ 12ನೇ ದಿನ ವಿಮಾನ ಹತ್ತಬೇಡಿ: ನನ್ನ ಅನುಭವ

ಮೇಲ್ದವಡೆ, ಕೆಳದವಡೆ ಎರಡನ್ನೂ ಕತ್ತರಿಸಿ ಸರಿಯಾದ ಜಾಗಕ್ಕೆ ಕೂರಿಸುವ ಶಸ್ತ್ರಚಿಕಿತ್ಸೆ ನನಗೆ ಮಂಗಳೂರಿನಲ್ಲಿ ಆಯಿತು. ಅದು ಚೆನ್ನಾಗಿಯೇ ಆಗಿತ್ತು, ವೈದ್ಯರ ಮೇಲೆ ನನಗೆ ಯಾವ ದೂರೂ ಇಲ್ಲ. 12ನೇ ದಿನ ದುಬೈಗೆ ಹಾರಿ, 14ನೇ ದಿನ ಕಚೇರಿಯ ಕೌಂಟರಿನಲ್ಲಿ ಕುಳಿತು ನಾನೇ ತಂದುಕೊಂಡ ಪಾಡನ್ನು ಬರೆಯುತ್ತಿದ್ದೇನೆ. ಗಲ್ಫಿನಿಂದ ರಜೆಗೆಂದು ಊರಿಗೆ ಬಂದು, ಆ ರಜೆಯೊಳಗೇ ಚಿಕಿತ್ಸೆಯನ್ನೂ ಮುಗಿಸಿಕೊಂಡು ಹೋಗೋಣವೆಂದು ಲೆಕ್ಕ ಹಾಕುವವರು ನಮ್ಮ ಕಡೆ ಬಹಳ ಮಂದಿ ಇರುವುದರಿಂದ ಇದನ್ನು ಮುಚ್ಚಿಡುವುದು ಸರಿಯೆನಿಸಲಿಲ್ಲ.

ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಹೋಗುವುದು, ಬರುವುದು ಎರಡನ್ನೂ ಎರಡು ತಿಂಗಳ ಮೊದಲೇ ಮಾಡಿಸಿದ್ದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ವೈದ್ಯರನ್ನು "ಓಡಾಡಬಹುದೇ ಸರ್?" ಎಂದು ಕಾಗದದಲ್ಲಿ ಬರೆದು ಕೇಳಿದೆ. "ನಿಧಾನವಾಗಿ ಓಡಾಡಿ, ತೊಂದರೆಯಿಲ್ಲ" ಎಂದರು. ನಾನು ಕೇಳಿದ್ದು ವಿಮಾನದ ಬಗ್ಗೆ, ಅವರು ಹೇಳಿದ್ದು ಮನೆಯಂಗಳದ ಬಗ್ಗೆ. "ಇನ್ನೆರಡು ವಾರ ಇದ್ದು ಹೋಗಬಾರದಾ?" ಎಂದು ಅಮ್ಮ ಹೇಳಿದಾಗ, ಟಿಕೆಟ್ ಬದಲಾಯಿಸುವ ಖರ್ಚನ್ನು ತೋರಿಸಿ ಅವರ ಬಾಯಿ ಮುಚ್ಚಿಸಿದ್ದೆ.

ಮೇಲ್ದವಡೆಯನ್ನು ಕತ್ತರಿಸುವಾಗ ಕೆನ್ನೆಯ ಹಿಂದಿರುವ, ಗಾಳಿ ತುಂಬಿದ ಪೊಳ್ಳಾದ ಸೈನಸ್‌ನ ಗೋಡೆಯೂ ಕತ್ತರಿಸಲ್ಪಡುತ್ತದೆ. ಟೈಟಾನಿಯಂ ಪಟ್ಟಿ, ಸ್ಕ್ರೂಗಳು ಮೂಳೆಯನ್ನು ಹಿಡಿದಿಟ್ಟಿದ್ದರೂ ಅದು ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಅಷ್ಟರವರೆಗೆ ಸೈನಸ್‌ಗೂ ಮುಖದ ಮಾಂಸಕ್ಕೂ ನಡುವಿನ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಮೂಗು ಸೀಟಬಾರದು, ಸ್ಟ್ರಾದಲ್ಲಿ ಹೀರಬಾರದು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುವುದು ಇದಕ್ಕೇ. ನನ್ನ ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ಬಿಗಿಯಾದ ರಬ್ಬರ್ ಬ್ಯಾಂಡುಗಳು ಹಿಡಿದಿದ್ದವು. ವಾಂತಿ ಬಂದರೆ ಕೂಡಲೇ ಕತ್ತರಿಸಿಕೊಳ್ಳಲು ಆಸ್ಪತ್ರೆಯವರು ಒಂದು ಪುಟ್ಟ ಕತ್ತರಿ ಕೊಟ್ಟು, ಹಗಲೂ ರಾತ್ರಿ ಅದು ಕೈಗೆ ಸಿಗುವಂತಿರಬೇಕು ಎಂದಿದ್ದರು. ಬಾಯಿ ತೆರೆಯಲಾಗದೆ ವಾಂತಿ ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಆ ಕತ್ತರಿ ಭದ್ರತಾ ತಪಾಸಣೆಯಲ್ಲಿ ಹೋಯಿತು. ಅವರದು ತಪ್ಪಲ್ಲ, ನನ್ನ ಬಳಿ ವೈದ್ಯರ ಪತ್ರವಿರಲಿಲ್ಲ, ಬಾಯಿಬಿಟ್ಟು ವಿವರಿಸುವ ಸ್ಥಿತಿಯೂ ಇರಲಿಲ್ಲ. ಅಮ್ಮ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿಸಿದ್ದ ಕುಚ್ಚಲಕ್ಕಿ ಗಂಜಿತಿಳಿಯೂ ಹೋಯಿತು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯ ದ್ರವವನ್ನು ಕೈಚೀಲದಲ್ಲಿ ಒಯ್ಯಲು ವೈದ್ಯಕೀಯ ಅಗತ್ಯವೆಂದು ತೋರಿಸಬೇಕು. ದವಡೆಯನ್ನು ತಂತಿಯಿಂದ ಬಿಗಿದವರಿಗಂತೂ ನಿಯಮ ಇನ್ನೂ ಕಟ್ಟುನಿಟ್ಟು. ತಂತಿ ಬಿಡಿಸಬಲ್ಲ ಜೊತೆಗಾರರಾಗಲಿ, ತಾವೇ ತಕ್ಷಣ ಬಿಚ್ಚಿಕೊಳ್ಳಬಹುದಾದ ಕಟ್ಟಾಗಲಿ ಇಲ್ಲದಿದ್ದರೆ ವಿಮಾನಯಾನದ ವೈದ್ಯಕೀಯ ಮಾರ್ಗಸೂಚಿಗಳು ಅವರನ್ನು ಹತ್ತಿಸಿಕೊಳ್ಳಬಾರದೆನ್ನುತ್ತವೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಮೇಲೇರುವಾಗ ಕೆನ್ನೆಯೊಳಗೆ ಏನೋ ಉಬ್ಬಿದಂತಾದದ್ದು ಬಿಟ್ಟರೆ ಎರಡು ಗಂಟೆ ಸುಮ್ಮನೆ ಕಳೆಯಿತು. ಸಮುದ್ರದ ಮೇಲೆ ವಿಮಾನ ಅಲುಗಾಡಿ ಹೊಟ್ಟೆ ತೊಳಸಿದಾಗ, ಹೋದ ಕತ್ತರಿಯ ನೆನಪಾಗಿ, ಬ್ಯಾಂಡುಗಳ ಕೆಳಗೆ ಉಗುರು ತೂರಿಸಲು ನೋಡುತ್ತ ಬೆವರಿದ್ದು ಮಾತ್ರ ಇವತ್ತಿಗೂ ಮರೆತಿಲ್ಲ. ಪುಣ್ಯಕ್ಕೆ ವಾಂತಿಯಾಗಲಿಲ್ಲ. ಇಳಿಯುವಾಗ ಕಿವಿ ಕಟ್ಟಿತು. ಎಷ್ಟೋ ವರ್ಷದ ಅಭ್ಯಾಸಬಲದಿಂದ, ಯೋಚಿಸದೆ, ಮೂಗನ್ನು ಎರಡು ಬೆರಳಲ್ಲಿ ಒತ್ತಿಹಿಡಿದು ಊದಿದೆ. ಮೂಗು ಸೀಟಬಾರದೆಂಬುದು ನೆನಪಿತ್ತು, ಇದೂ ಅದೇ ಎಂಬುದು ಹೊಳೆಯಲಿಲ್ಲ. ಬಲಗೆನ್ನೆಯಲ್ಲಿ ಏನೋ ಸರಕ್ಕೆಂದಿತು, ಮೂಗಿನಿಂದ ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿತು, ವಿಮಾನ ನೆಲ ಮುಟ್ಟುವಷ್ಟರಲ್ಲಿ ಬಲಗಣ್ಣಿನ ಕೆಳಗೆ ಊದಿಕೊಂಡಿತ್ತು. ಬೆರಳಿಟ್ಟು ಒತ್ತಿದರೆ ಚರ್ಮದಡಿ ಹಪ್ಪಳ ಪುಡಿಯಾದಂತೆ ಚರಚರ ಎನ್ನುತ್ತಿತ್ತು. ಪಾಸ್‌ಪೋರ್ಟ್ ನೋಡಿದ ಅಧಿಕಾರಿ ಫೋಟೋವನ್ನೂ ನನ್ನನ್ನೂ ಮೂರು ಸಲ ಹೋಲಿಸಿ ನೋಡಿದರು. ಬ್ಯಾಗಿನ ತಳದಲ್ಲಿದ್ದ ಡಿಸ್ಚಾರ್ಜ್ ಚೀಟಿ ಆಗ ಕಾಪಾಡಿತು.

ಆ ರಾತ್ರಿಯೇ ಅಲ್ಲಿನ ಕ್ಲಿನಿಕ್ಕಿಗೆ ಹೋದೆ. ಸೈನಸ್‌ನ ಗಾಳಿ ಚರ್ಮದಡಿಗೆ ನುಗ್ಗಿದೆ, ಹೆಚ್ಚಾಗಿ ತಾನೇ ಇಳಿಯುತ್ತದೆ, ಆದರೆ ಗಾಳಿಯ ಜೊತೆ ಸೋಂಕೂ ಒಳಹೋಗಬಹುದು ಎಂದು ಆಂಟಿಬಯೋಟಿಕ್ ಬರೆದುಕೊಟ್ಟು, ಎರಡು ವಾರ ವಿಶ್ರಾಂತಿ ಎಂದರು. ನಾನು ವಿಶ್ರಾಂತಿ ತೆಗೆದುಕೊಳ್ಳಲಿಲ್ಲ. ರಜೆ ಮುಗಿದಿತ್ತು, ಮ್ಯಾನೇಜರಿಗೆ ಶಸ್ತ್ರಚಿಕಿತ್ಸೆಯ ವಿಷಯ ಹೇಳಿಯೂ ಇರಲಿಲ್ಲ.

ನನ್ನ ಕೆಲಸವೋ, ದಿನವಿಡೀ ಮಾತಾಡುವುದೇ. ಕೆಳದುಟಿ, ಗದ್ದ ಎರಡೂ ಮರಗಟ್ಟಿದ್ದರಿಂದ ಪ, ಬ, ಮ ಯಾವುದೂ ನೆಟ್ಟಗೆ ಹೊರಡುತ್ತಿರಲಿಲ್ಲ. ಗ್ರಾಹಕರೊಬ್ಬರು ಮುಜುಗರದಿಂದ ಟಿಶ್ಯೂ ಕಾಗದ ಚಾಚಿದಾಗಲೇ ಜೊಲ್ಲು ಗದ್ದದವರೆಗೆ ಇಳಿದಿದ್ದು ನನಗೆ ಗೊತ್ತಾದದ್ದು. ಬಿಸಿ ಕಾಫಿಯಿಂದ ತುಟಿ ಸುಟ್ಟದ್ದೂ ತಿಳಿಯದೆ, ಸಂಜೆ ಕನ್ನಡಿಯಲ್ಲಿ ಬೊಬ್ಬೆ ಕಂಡಿತು. ಸಿರಿಂಜಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಹಾಲು, ಗಂಜಿ ಇಳಿಸಿಕೊಳ್ಳಲು ಒಂದು ಹೊತ್ತಿಗೆ ಮುಕ್ಕಾಲು ಗಂಟೆ ಬೇಕು. ಊಟದ ಬಿಡುವು ಅರ್ಧ ಗಂಟೆ. ನಾಲ್ಕನೆಯ ದಿನ ಕಣ್ಣು ಕತ್ತಲಿಟ್ಟು ಕೌಂಟರಿನ ಹಿಂದೆಯೇ ಕುಸಿದೆ.

ಆಗ ಮ್ಯಾನೇಜರ್ ಕೇಳಿದ ಮೊದಲ ಮಾತು, "ಮೊದಲೇ ಯಾಕೆ ಹೇಳಲಿಲ್ಲ?" ಯುಎಇಯ ಖಾಸಗಿ ಕಂಪನಿಗಳಲ್ಲಿ ಪ್ರೊಬೇಷನ್ ಮುಗಿಸಿದವರಿಗೆ ವರ್ಷಕ್ಕೆ 90 ದಿನಗಳವರೆಗೆ ಅನಾರೋಗ್ಯ ರಜೆಯಿದೆ: ಮೊದಲ 15 ದಿನ ಪೂರ್ಣ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದೆ. ಮೂರು ಕೆಲಸದ ದಿನಗಳೊಳಗೆ ತಿಳಿಸಿ ವೈದ್ಯಕೀಯ ವರದಿ ಕೊಡಬೇಕು, ಅಷ್ಟೇ. ಆರು ವರ್ಷ ಅಲ್ಲಿ ದುಡಿದೂ ನಾನು ಆ ಪುಟ ತೆರೆದು ನೋಡಿರಲಿಲ್ಲ.

ಮಂಗಳೂರಿನ ವೈದ್ಯರಿಗೆ ವಿಡಿಯೋ ಕರೆ ಮಾಡಿದಾಗ ಅವರು ಬೈಯಲಿಲ್ಲ. "ವಿಮಾನ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು" ಎಂದರು. ಎರಡು ತಿಂಗಳ ತಪಾಸಣೆಗೆ ಬರುವಾಗ ದಿನಾಂಕ, ಹಾರಾಟದ ಅವಧಿ, ನನ್ನ ಕೆಲಸ ಎಂಥದ್ದು ಎಲ್ಲವನ್ನೂ ಮೊದಲೇ ಬರೆದು ಕಳಿಸಿದೆ. ಎಕ್ಸ್-ರೇ ನೋಡಿದ ಮೇಲೆಯೇ ಅವರು ಒಪ್ಪಿಗೆ ಕೊಟ್ಟರು, ಇಳಿಯುವ ಅರ್ಧ ಗಂಟೆ ಮೊದಲು ಮೂಗಿಗೆ ಹಾಕಿಕೊಳ್ಳಲು ಹನಿಯೌಷಧ ಸೂಚಿಸಿದರು, ಸಹಿ ಮೊಹರಿನ ಪತ್ರವನ್ನೂ ಕಳಿಸಿಕೊಟ್ಟರು. ಈ ಸಲ ಕಿವಿ ಕಟ್ಟಿದಾಗ ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ನಡುನಡುವೆ ಒಂದೊಂದು ಗುಟುಕು ನೀರು ನುಂಗುತ್ತ ಕುಳಿತಿದ್ದೆ. ಗದ್ದದ ಬಲಭಾಗಕ್ಕೆ ಸ್ಪರ್ಶ ಇನ್ನೂ ಮರಳಿಲ್ಲವಾದ್ದರಿಂದ, ನೀರು ಕುಡಿದಾಗಲೆಲ್ಲ ಪಕ್ಕದವರು ಹೇಳುವ ಮೊದಲೇ ಕರವಸ್ತ್ರದಿಂದ ಒರೆಸಿಕೊಳ್ಳುವುದು ರೂಢಿಯಾಗಿದೆ.