ಹಾಜರಿ ಎಣಿಸೋದಾ, ‘ಪರ’ ಎಣಿಸೋದಾ? ಆನ್‌ಲೈನ್ ಬಳಗಕ್ಕೆ ನಾಲ್ಕು ಕೋರಂ ನಿಯಮಗಳ ಹೋಲಿಕೆ

ಕೋರಂ ಎಂದರೆ ನಿರ್ಣಯ ಊರ್ಜಿತವಾಗಲು ಬೇಕಾದ ಕನಿಷ್ಠ ಜನರ ಸಂಖ್ಯೆ. ಲೆಕ್ಕಕ್ಕೆ ಒಂದು ಬಳಗ ಇಟ್ಟುಕೊಳ್ಳೋಣ. ಮತದಾರರ ಪಟ್ಟಿಯಲ್ಲಿ 144 ಹೆಸರು. ಒಂದು ನಿರ್ಣಯಕ್ಕೆ 22 ಪರ, 9 ವಿರೋಧ. ಮಿಕ್ಕ 113 ಮಂದಿ ಸುಮ್ಮನಿದ್ದಾರೆ. ಇದೇ ಅಂಕಿಯನ್ನು ನಾಲ್ಕು ಪದ್ಧತಿಗಳಿಗೆ ಹಾಕಿ ನೋಡಿದರೆ ನಾಲ್ಕರಲ್ಲೂ ಬೇರೆ ಬೇರೆ ಉತ್ತರ ಬರುತ್ತದೆ.

ಹಾಜರಿ ಕೋರಂ

ನಿಯಮ ಬರೆಯಲು ಕೂತವರ ಕೈಗೆ ಮೊದಲು ಬರುವುದು ಇದು: ‘ಕಾಲು ಭಾಗ ಸದಸ್ಯರು ಮತ ಹಾಕಿರಬೇಕು’. ಸಭೆಗಳಿಂದ ಬಂದ ರೂಢಿ. ಲೋಕಸಭೆಗೂ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಎಂದು ಸಂವಿಧಾನದ 100ನೇ ವಿಧಿ ಹೇಳುತ್ತದೆ. ನಮ್ಮ ಬಳಗಕ್ಕೆ ಕಾಲು ಭಾಗ ಎಂದರೆ 36. ಬಂದದ್ದು 31. ನಿರ್ಣಯ ಬಿತ್ತು.

ಈಗ ಇನ್ನೂ ಐದು ಜನ ಬಂದು ‘ವಿರೋಧ’ ಒತ್ತಿದರು ಅನ್ನಿ. 22–14, ಒಟ್ಟು 36. ಕೋರಂ ತುಂಬಿತು, ನಿರ್ಣಯ ಪಾಸಾಯಿತು! ವಿರೋಧಿಸಲು ಬಂದವರೇ ಗೆಲ್ಲಿಸಿಕೊಟ್ಟ ಹಾಗಾಯಿತು. ಎರಡು ಸಲ ಹೀಗಾದರೆ ಸಾಕು, ವಿರೋಧವಿರುವವರು ಮತ ಹಾಕದೆ ಕೂರುವುದನ್ನು ಕಲಿಯುತ್ತಾರೆ. ಸಭಾಂಗಣದಲ್ಲಾದರೆ ಸಭಾತ್ಯಾಗ ಕಣ್ಣಿಗೆ ಕಾಣುತ್ತದೆ. ಆನ್‌ಲೈನಿನಲ್ಲಿ ಬೇಕೆಂದೇ ಸುಮ್ಮನಿದ್ದವರಿಗೂ ಮೆಸೇಜನ್ನೇ ನೋಡದವರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಈ ನಿಯಮ ಆನ್‌ಲೈನ್ ಬಳಗಕ್ಕೆ ಬೇಡವೇ ಬೇಡ.

ಡೆಬಿಯನ್: ವರ್ಗಮೂಲದ ಕೋರಂ

ಸ್ವಯಂಸೇವಕರೇ ಕಟ್ಟುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಡೆಬಿಯನ್. ಆ ಯೋಜನೆಯ ಸಂವಿಧಾನ ಹಾಜರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೆವಲಪರ್‌ಗಳ ಸಂಖ್ಯೆಯ ವರ್ಗಮೂಲದಲ್ಲಿ ಅರ್ಧ ತೆಗೆದುಕೊಂಡು ಅದಕ್ಕೆ Q ಎನ್ನುತ್ತಾರೆ. ಸಾಮಾನ್ಯ ನಿರ್ಣಯಕ್ಕೆ ಕೋರಂ ಇದರ ಮೂರು ಪಟ್ಟು. 144ರ ವರ್ಗಮೂಲ 12, ಅರ್ಧ 6, ಮೂರು ಪಟ್ಟು 18. ಇಷ್ಟು ಜನ ತಮ್ಮ ಮತಪತ್ರದಲ್ಲಿ ಆ ನಿರ್ಣಯವನ್ನು ‘ಮೇಲಿನ ಯಾವುದೂ ಬೇಡ’ ಎಂಬ ಆಯ್ಕೆಗಿಂತ ಮೇಲೆ ಇಟ್ಟಿರಬೇಕು. ನಮ್ಮ 22 ದಾಟುತ್ತದೆ. ಮತ್ತೆ ಐದು ವಿರೋಧ ಬಿದ್ದರೂ ಅದರಿಂದ ಕೋರಂಗೆ ಸಹಾಯವಾಗದು, ಯಾಕೆಂದರೆ ಎಣಿಸುವುದು ಒಪ್ಪಿದವರನ್ನು ಮಾತ್ರ. ಹಾಜರಿ ಕೋರಂನ ರೋಗಕ್ಕೆ ಇದೇ ಮದ್ದು.

ವರ್ಗಮೂಲದ ಗುಣ ಬಳಗ ಬೆಳೆದಾಗ ತಿಳಿಯುತ್ತದೆ. ಸದಸ್ಯರು ನಾಲ್ಕು ಪಟ್ಟಾಗಿ 576ಕ್ಕೆ ಹೋದರೆ ಕಾಲು ಭಾಗದ ನಿಯಮ 144 ಜನರನ್ನು ಕೇಳುತ್ತದೆ, ಇದು 36 ಕೇಳುತ್ತದೆ. ಸಾವಿರ ಮಂದಿಗೆ 47.4 ಬರುತ್ತದೆ, ಅಂದರೆ 48 ಜನ. ಬಳಗ ದೊಡ್ಡದಾದಷ್ಟೂ ಸುಮ್ಮನಿರುವವರ ಪಾಲು ಹೆಚ್ಚುತ್ತದೆ, ಕೋರಂ ಅದಕ್ಕೆ ತಕ್ಕಂತೆ ನಿಧಾನವಾಗಿ ಏರುತ್ತದೆ. ಸಂವಿಧಾನವನ್ನೇ ತಿದ್ದಬೇಕಾದರೆ ಮಾತ್ರ ವಿರೋಧದ ಮೂರು ಪಟ್ಟು ಪರ ಮತ (3:1) ಬೇಕು. 22 ಎಂಬುದು 9ರ ಎರಡೂವರೆ ಪಟ್ಟೂ ಇಲ್ಲ, ಅಲ್ಲಿ ಬೀಳುತ್ತಿತ್ತು.

ಎಡವುವ ಜಾಗ ಮತಪತ್ರ. ಆಯ್ಕೆಗಳಿಗೆ 1, 2, 3 ಎಂದು ಕ್ರಮಾಂಕ ಕೊಡಬೇಕು. ಇಷ್ಟವಾದ ಒಂದಕ್ಕೆ 1 ಹಾಕಿ ಮಿಕ್ಕದ್ದನ್ನು ಖಾಲಿ ಬಿಟ್ಟರೆ, ಖಾಲಿ ಇದ್ದದ್ದೆಲ್ಲ ‘ಯಾವುದೂ ಬೇಡ’ದ ಜೊತೆಗೇ ಕೊನೆಗೆ ಹೋಗುತ್ತದೆ. ‘ಎರಡನೆಯದೂ ನಡೆಯುತ್ತಿತ್ತು’ ಎನ್ನುವವರ ಬೆಂಬಲ ಎರಡನೆಯದರ ಕೋರಂಗೆ ಸೇರುವುದೇ ಇಲ್ಲ. ಇದನ್ನು ಮತಪತ್ರದ ತಲೆಯಲ್ಲೇ ಉದಾಹರಣೆ ಸಮೇತ ಬರೆಯಿರಿ. ಇಲ್ಲವಾದರೆ ಅರ್ಧ ಜನ ತಪ್ಪು ತುಂಬುತ್ತಾರೆ.

ವಿಕಿಪೀಡಿಯ: ಗಟ್ಟಿ ಗೆರೆ, ಅಗಲ ಪಟ್ಟೆ

ನಿರ್ವಾಹಕರ ಆಯ್ಕೆಗೆ ಜರ್ಮನ್ ವಿಕಿಪೀಡಿಯ ಗೆರೆ ಎಳೆದಿದೆ: ಕನಿಷ್ಠ 50 ಪರ ಮತ, ಜೊತೆಗೆ ಮೂರನೇ ಎರಡು ಬಹುಮತ. ನಮ್ಮ 22–9 ಶೇ. 71, ಪ್ರಮಾಣದಲ್ಲಿ ಪಾಸು, 50ರಲ್ಲಿ ಫೇಲು. ಇಂಗ್ಲಿಷ್ ವಿಕಿಪೀಡಿಯದ ಬಹಿರಂಗ ಚರ್ಚೆಯಲ್ಲಿ ಗೆರೆ ಇಲ್ಲ, ಅಗಲವಾದ ಪಟ್ಟೆ ಇದೆ. ಶೇ. 65ರ ಕೆಳಗೆ ಸಾಮಾನ್ಯವಾಗಿ ಸೋಲು, 75ರ ಮೇಲೆ ಗೆಲುವು, ನಡುವಿನದು ಬ್ಯೂರೋಕ್ರ್ಯಾಟ್‌ಗಳ (ನಿರ್ವಾಹಕ ಹಕ್ಕು ಕೊಡುವ ಅಧಿಕಾರವಿರುವ ಸದಸ್ಯರ) ವಿವೇಚನೆ. ಶೇ. 71 ಸರಿಯಾಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲರೂ ನಂಬುವ ಮೂರ್ನಾಲ್ಕು ಹಿರಿಯರು ಇದ್ದರೆ ಪಟ್ಟೆ ಒಳ್ಳೆಯದು, ಇಲ್ಲದಿದ್ದರೆ ಪ್ರತಿ ಸಲವೂ ಜಗಳ.

ಬರೀ ಸಂಖ್ಯೆಯ ಗೆರೆ ಸಣ್ಣ ಬಳಗಕ್ಕೆ ಹೊರೆ. ವಿಕಿಮೀಡಿಯದ ನೀತಿಯಂತೆ ‘ಚೆಕ್‌ಯೂಸರ್’ (ಬಳಕೆದಾರರ ಐಪಿ ವಿಳಾಸ ನೋಡುವ) ಹಕ್ಕಿಗೆ ಶೇ. 70–80 ಒಪ್ಪಿಗೆಯ ಜೊತೆ ಕನಿಷ್ಠ 25–30 ಸಂಪಾದಕರ ಬೆಂಬಲ ಬೇಕು. ಕನ್ನಡ ವಿಕಿಪೀಡಿಯದಂಥ ಸಮುದಾಯಕ್ಕೆ ಆ ಶೇಕಡಾವಾರು ಏನೂ ಅಲ್ಲ, 25 ಎನ್ನುವುದೇ ಬೆಟ್ಟ.

ಅಪಾಚೆ: ಮೂರು ಮತ, 72 ಗಂಟೆ

ಅಪಾಚೆ ಮುಕ್ತ ತಂತ್ರಾಂಶ ಯೋಜನೆಗಳ ಪ್ರತಿಷ್ಠಾನ. ಅಲ್ಲಿ +1 ಎಂದರೆ ಪರ, −1 ಎಂದರೆ ವಿರೋಧ. ಹೊಸ ಆವೃತ್ತಿ ಬಿಡುಗಡೆಗೆ ಯೋಜನಾ ಸಮಿತಿಯ ಕನಿಷ್ಠ ಮೂವರ +1, −1ಕ್ಕಿಂತ +1 ಹೆಚ್ಚು, ಮತದಾನ ಕನಿಷ್ಠ 72 ಗಂಟೆ ತೆರೆದಿರಬೇಕು, ಅಷ್ಟೇ. 22ರಲ್ಲಿ ಸಮಿತಿಯವರು ಎಷ್ಟು ಮಂದಿ ಎಂಬುದಷ್ಟೇ ಪ್ರಶ್ನೆ. ಕೋಡ್ ಬದಲಾವಣೆಗೆ ಮಾತ್ರ ತಾಂತ್ರಿಕ ಕಾರಣ ಕೊಟ್ಟ ಒಂದೇ −1 ವೀಟೋ ಆಗುತ್ತದೆ, ಕಾರಣವಿಲ್ಲದ −1ಕ್ಕೆ ಆ ಬಲವಿಲ್ಲ. ದಿನಬಳಕೆಯ ಕೆಲಸಗಳಿಗೆ ಇದಕ್ಕಿಂತ ಹಗುರವಾದದ್ದು ಇಲ್ಲ. ಆದರೆ ಹಣ, ಹುದ್ದೆ, ಸದಸ್ಯರನ್ನು ತೆಗೆದುಹಾಕುವುದು ಇಂಥದಕ್ಕೆ ಮೂರು ಮತ ಸಾಲದು. ಗಡುವನ್ನು ಶುಕ್ರವಾರ ಸಂಜೆ ಶುರು ಮಾಡಬೇಡಿ, 72 ಗಂಟೆಯಲ್ಲಿ ಎರಡು ದಿನ ರಜೆಗೇ ಹೋಗುತ್ತದೆ.

ನಿಮ್ಮ ಬಳಗಕ್ಕೆ

ಇಪ್ಪತ್ತು-ಮೂವತ್ತು ಜನರಿದ್ದರೆ ಅಪಾಚೆ ಪದ್ಧತಿ ಸಾಕು. ಐವತ್ತು ದಾಟಿದರೆ ಡೆಬಿಯನ್ ಸೂತ್ರಕ್ಕೆ ಬನ್ನಿ, ದಶಾಂಶ ಬಂದರೆ ಮೇಲಕ್ಕೆ ಪೂರ್ಣಾಂಕ ಮಾಡಿ.

ಯಾವ ಸೂತ್ರವಾದರೂ ಛೇದ, ಅಂದರೆ ಸದಸ್ಯರ ಪಟ್ಟಿ, ಕೊಳೆತಿದ್ದರೆ ಕೆಲಸಕ್ಕೆ ಬಾರದು. ಬಿಟ್ಟುಹೋದವರ ಹೆಸರು ಪಟ್ಟಿಯಲ್ಲಿ ಉಳಿದಷ್ಟೂ ಕೋರಂ ಸುಮ್ಮನೆ ಏರುತ್ತದೆ. ಜರ್ಮನ್ ವಿಕಿಪೀಡಿಯದಲ್ಲಿ ಮತ ಹಾಕಲು ಎರಡು ತಿಂಗಳ ಸಕ್ರಿಯತೆ, ಲೇಖನಗಳಲ್ಲಿ 200 ಸಂಪಾದನೆ, ಅದರಲ್ಲಿ 50 ಕಳೆದ 12 ತಿಂಗಳಲ್ಲಿ ಆಗಿರಬೇಕು. ಇಂಥ, ಯಂತ್ರವೇ ಎಣಿಸಬಲ್ಲ ಅಳತೆ ಇಡಿ. ಪಟ್ಟಿಯನ್ನು ಮತದಾನ ಘೋಷಿಸುವ ದಿನಕ್ಕೂ ಹಿಂದಿನ ಒಂದು ತಾರೀಖಿಗೆ ಮುಚ್ಚಿ. ಇಲ್ಲವಾದರೆ ಘೋಷಣೆ ಬಿದ್ದ ಸಂಜೆಯೇ ಹೊಸ ಸದಸ್ಯರು ಸಾಲುಗಟ್ಟುತ್ತಾರೆ.

ವಾಟ್ಸಾಪ್ ಪೋಲ್‌ನಲ್ಲಿ ಗ್ರೂಪಿನಲ್ಲಿರುವ ಯಾರು ಬೇಕಾದರೂ ಒತ್ತಬಹುದು, ಒತ್ತಿದ್ದನ್ನು ಬದಲಿಸಲೂಬಹುದು. ಹಾಗಾಗಿ ಗಡುವಿನ ನಿಮಿಷಕ್ಕೆ ಸ್ಕ್ರೀನ್‌ಶಾಟ್ ತೆಗೆದು, ಮುಚ್ಚಿಟ್ಟ ಪಟ್ಟಿಯ ಜೊತೆ ಒಂದೊಂದೇ ಹೆಸರು ತಾಳೆ ನೋಡಬೇಕು. ಗಡುವಿಗೆ ‘ಭಾನುವಾರದವರೆಗೆ’ ಎಂದು ಬರೆದರೆ ಬೆಂಗಳೂರಿನವರಿಗೆ ಒಂದು ಭಾನುವಾರ, ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಇನ್ನೊಂದು. ಯುಟಿಸಿ 23:59 ಎಂದರೆ ನಮ್ಮಲ್ಲಿ ಮರುದಿನ ಬೆಳಗಿನ 5:29. ಎರಡನ್ನೂ ಘೋಷಣೆಯಲ್ಲಿ ಬರೆಯಿರಿ, ಪಕ್ಕದಲ್ಲೇ ‘ಬೇಕಾದ ಪರ ಮತ: 18’ ಎಂದೂ.